ನನ್ನದಲ್ಲದ ಹೊಲಿಗೆ

ನನ್ನ ಮಗಳ ಶಾಲೆಯ ಲಂಗದ ಅಂಚನ್ನು ಬೇರೆ ಯಾರೋ ಹೊಲಿದಿದ್ದರು.

ಇಷ್ಟಕ್ಕೇ ಇಷ್ಟೊಂದು ಗಲಾಟೆಯಾ ಅಂತ ನೀವು ಕೇಳಬಹುದು. ನಮ್ಮ ಮನೆಯವರೂ ಹಾಗೇ ಕೇಳಿದ್ದು. ಕೇಳೋರಿಗೇನು, ಬಾಯಿ ಇದೆ, ಕೇಳ್ತಾರೆ. ನಾನು ಹೊಲಿಗೆಯವಳು. ಬೀದಿ ಕಡೆಯ ಕೋಣೆಯಲ್ಲಿ ಮಷೀನು ಹಾಕಿಕೊಂಡು, ಮದುವೆಯಾಗಿ ಬಂದಾಗಿನಿಂದ ಈ ಬೀದಿಯವರ ಅಳತೆ ತೆಗೀತಾ ಇದ್ದೀನಿ. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರು ದಪ್ಪಗಾಗಿ ಸೊರಗಿದ್ದೀನಿ ಅಂತ ಬುರುಡೆ ಬಿಡ್ತಾರೆ, ಎಲ್ಲ ನನ್ನ ಟೇಪಿಗೆ ಗೊತ್ತು. ಮನುಷ್ಯರ ಮಾತನ್ನು ನಂಬೋ ಅಭ್ಯಾಸ ನನಗೆ ಯಾವತ್ತೋ ತಪ್ಪಿಹೋಯಿತು. ಬಟ್ಟೆಯನ್ನು ಮಾತ್ರ ನಂಬ್ತೀನಿ.

ಆವತ್ತು ಬೆಳಿಗ್ಗೆ ಮಗಳು ಶಾಲೆಗೆ ಹೊರಟಾಗ ಹಿಂದಿನಿಂದ ನೋಡಿದೆ. ಲಂಗದ ಅಂಚು ಗೇಣುದ್ದ ಬಿಟ್ಟುಕೊಂಡು ಜೋತಾಡ್ತಿತ್ತು. ಕೂಗೋಣ ಅನ್ನೋಷ್ಟರಲ್ಲಿ ಮೂಲೆ ತಿರುಗಿಬಿಟ್ಟಿದ್ದಳು. ಅಯ್ಯೋ, ಟೈಲರ್ ಮಗಳ ಲಂಗವೇ ಹೀಗೆ ಅಂತ ನಗ್ತಾರಲ್ಲ ಅಂತ ದಿನವೆಲ್ಲ ಕೊರಗಿದೆ. ಸಂಜೆ ಬಂದವಳು ಬಟ್ಟೆ ಬದಲಾಯಿಸಿ ಲಂಗ ಕುರ್ಚಿ ಮೇಲೆ ಹಾಕಿದಳು. ಸೂಜಿಗೆ ದಾರ ಪೋಣಿಸಿಕೊಂಡು ತಿರುಗಿಸಿ ನೋಡಿದರೆ, ಅಂಚು ಅಚ್ಚುಕಟ್ಟಾಗಿ ಕೂತಿದೆ!

ದೀಪದ ಕೆಳಗೆ ಹಿಡಿದೆ. ಲಂಗ ಕಡುನೀಲಿ, ದಾರ ಕಪ್ಪು. ಪ್ರಾಣ ಹೋದರೂ ನಾನು ನೀಲಿಗೆ ಕಪ್ಪು ಹಾಕೋಳಲ್ಲ. ಅದೂ ಹೋಗಲಿ ಅಂದರೆ, ಹೊಲಿಗೆ ವಾಲಿದ ದಿಕ್ಕೇ ಬೇರೆ. ಕೈಯಲ್ಲಿ ಅಂಚು ಹೊಲಿದರೆ ಪ್ರತಿ ಹೊಲಿಗೆಯೂ ಒಂಚೂರು ಓರೆಯಾಗಿ ಕೂರುತ್ತೆ. ಬಲಗೈಯವರದ್ದು ಒಂದು ಕಡೆಗೆ, ಎಡಗೈಯವರದ್ದು ಇನ್ನೊಂದು ಕಡೆಗೆ. ಇದು ಎಡಗೈ. ಕೆಟ್ಟ ಕೈಯೂ ಅಲ್ಲ, ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು. ಒಂದೇ ಅಂತರ, ಒಂದೇ ಬಿಗಿ, ಕೊನೆಯ ಗಂಟನ್ನು ಒಳಗೆ ಅಡಗಿಸಿದ್ದು. ಯಾರೋ ಹೆಂಗಸು, ಪುರುಸೊತ್ತಾಗಿ, ಪ್ರೀತಿಯಿಂದ, ನನ್ನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊಲಿದಿದ್ದಾಳೆ.

ಯಾರವಳು?

ನೇರವಾಗಿ ಕೇಳೋಳಲ್ಲ ನಾನು. ನೇರವಾಗಿ ಕೇಳಿದರೆ ನೇರವಾಗಿ ಸುಳ್ಳು ಬರುತ್ತೆ. ಚಹಾ ಕೊಡ್ತಾ, ಏನೋ ನೆನಪಾದವಳ ಹಾಗೆ ಅಂದೆ, "ಬೆಳಿಗ್ಗೆ ನಿನ್ನ ಲಂಗದ ಅಂಚು ಬಿಟ್ಟಿತ್ತಲ್ವಾ?"

"ಇಲ್ವಲ್ಲಮ್ಮ. ಸರಿಯಾಗೇ ಇತ್ತಲ್ಲ."

ಲೋಟದೊಳಗೆ ನೋಡಿಕೊಂಡು ಹೇಳಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಆ ಕ್ಷಣಕ್ಕೇ ನನಗೆ ಖಾತ್ರಿಯಾಯಿತು. ಅಂಚು ಹೊಲಿಸಿಕೊಂಡದ್ದು ತಪ್ಪಲ್ಲ, ಅದನ್ನು ಮುಚ್ಚಿಟ್ಟಿದ್ದರಲ್ಲಿ ಇದೆ ಕಥೆ.

ನಮ್ಮ ಮನೆಯವರು ಬಸ್ ಓಡಿಸ್ತಾರೆ. ಇಡೀ ಊರನ್ನು ಬೆನ್ನ ಹಿಂದೆ ಕೂರಿಸಿಕೊಂಡು ನಿಶ್ಚಿಂತೆಯಾಗಿ ಓಡಾಡೋ ಮನುಷ್ಯ, ಅವರಿಗೆ ಅನುಮಾನ ಅಂದರೆ ಏನು ಗೊತ್ತು? ಊಟಕ್ಕೆ ಕೂತಾಗ ಲಂಗ ತಂದು ತೋರಿಸಿದೆ.

"ಏನೇ ಇದು? ಚೆನ್ನಾಗೇ ಇದೆಯಲ್ಲ."

"ಚೆನ್ನಾಗಿರೋದೇ ತೊಂದರೆ ರೀ."

"ಹಾಗಾದರೆ ಕೆಟ್ಟದಾಗಿ ಹೊಲಿದಿದ್ದರೆ ಸಂತೋಷ ಪಡ್ತಿದ್ದೆಯಾ?" ಅಂತ ನಕ್ಕು ರೇಡಿಯೋ ಕಡೆ ಕೈ ಚಾಚಿದರು.

ನಮ್ಮ ಮನೆಯಲ್ಲಿ ಊಟದ ಜೊತೆಗೆ ವಾರ್ತೆ. ಅವರು ಕೇಳ್ತಾರೆ, ನಾನು ಉತ್ತರ ಕೊಡ್ತೀನಿ. ನಾಳೆ ಮಳೆ ಇಲ್ಲ ಅಂದರೆ ಕೊಡೆ ಬಾಗಿಲ ಹತ್ತಿರ ತಂದಿಡ್ತೀನಿ. ಹಾಲು ಶುದ್ಧವಾಗಿದೆ ಅಂತ ಮಂತ್ರಿ ಹೇಳಿದರೆ ಮಾರನೇ ದಿನ ಇನ್ನೊಂದು ಸಲ ಕಾಯಿಸ್ತೀನಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಯಾರೂ ಕೇಳದೆ ಹಾಲಿನ ಮಾತು ಯಾಕೆ ಎತ್ತಬೇಕಿತ್ತು ಅವನು? ಆವತ್ತಿನ ವಾರ್ತೆಯಲ್ಲಿ ಬಂದದ್ದು ಮಾತ್ರ ನನಗೇ ಅಂತ ಓದಿದ ಹಾಗಿತ್ತು. ಎಲ್ಲೋ ಒಂದು ಕಡೆ ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಮಾತು ಕೇಳೋಕೆ ಅಂತಲೇ ಒಬ್ಬೊಬ್ಬರನ್ನು ನೇಮಿಸ್ತಾರಂತೆ. ಮಕ್ಕಳು ಹೇಳಿದ್ದನ್ನು ಅವರು ಹೆತ್ತವರಿಗೂ ಹೇಳಬೇಕಾಗಿಲ್ಲವಂತೆ.

"ಕೇಳಿಸಿಕೊಂಡ್ರಾ!" ಅಂತ ಸೌಟಿನಿಂದ ಪಾತ್ರೆಯನ್ನು ಕುಟ್ಟಿದೆ. "ಹೆರೋಕೆ ನಾವು, ಒಂಬತ್ತು ತಿಂಗಳು ಹೊರೋಕೆ ನಾವು, ಗುಟ್ಟು ಕೇಳೋಕೆ ಮಾತ್ರ ಸಂಬಳದವರು! ಬೇಲಿನೇ ಎದ್ದು ಹೊಲ ಮೇಯೋದು ಅಂದರೆ ಇದೇ."

"ಅದು ನಮ್ಮ ಶಾಲೆಯಲ್ಲ ಕಣೇ."

"ಇವತ್ತು ಅಲ್ಲಿ, ನಾಳೆ ಇಲ್ಲಿ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

ಮಗಳು ತಟ್ಟೆ ನೋಡಿಕೊಂಡು ಊಟ ಮಾಡ್ತಾ ಇದ್ದಳು. ಚಳಿಗೆ ಹಾಕಿಕೊಂಡಿದ್ದ ಕೋಟಿನ ತೋಳು ಬೆರಳಿನ ತನಕ ಇಳಿದಿತ್ತು. ನನ್ನ ಮಗಳಿಗೆ ತೋಳು ಯಾವಾಗಲೂ ಉದ್ದ ಇರಬೇಕು. ಅಳತೆ ತೆಗೆಯೋವಾಗಲೆಲ್ಲ "ಇನ್ನೊಂಚೂರು ಉದ್ದ ಇಡಮ್ಮ" ಅಂತಾಳೆ. ಬೆಳೆಯೋ ಮಗು, ಬಟ್ಟೆ ಬಾಳಿಕೆ ಬರಲಿ ಅಂತ ಯೋಚನೆ ಮಾಡ್ತಾಳಲ್ಲ ಅಂತ ನನಗೆ ಹೆಮ್ಮೆ.

ಶಾಲೆ ಬಗ್ಗೆ ನನ್ನ ಅಭಿಪ್ರಾಯ ಕೇಳಿ ಯಾರೂ ಖುಷಿಪಟ್ಟಿಲ್ಲ. ಆದರೂ ಹೇಳ್ತೀನಿ. ಹೋಂವರ್ಕ್ ಅನ್ನೋದು ಶುದ್ಧ ಮೋಸ. ತಮ್ಮ ಕೆಲಸ ಅರ್ಧ ಮಾಡಿ ಉಳಿದದ್ದು ಮನೆಗೆ ಕಳಿಸ್ತಾರಲ್ಲ, ನಾನೂ ಅಂಗಿಗೆ ಒಂದೇ ತೋಳು ಹಚ್ಚಿ, ಇನ್ನೊಂದು ನೀವೇ ಹಚ್ಕೊಳ್ಳಿ ಅಂತ ಗಿರಾಕಿ ಮನೆಗೆ ಕಳಿಸಲಾ? ಅಕ್ಷರ ಕಲಿಸ್ತೀವಿ ಅಂತಾರೆ, ಕಲಿಸಲಿ. ಆದರೆ ಆ ಅಕ್ಷರ ಬರೆಯೋ ಕೈಯನ್ನು ಸರಿಮಾಡಿದ್ದು ನಾನು, ಶಾಲೆಯಲ್ಲ.

ಹೂಂ, ನನ್ನ ಮಗಳಿಗೂ ಎಡಗೈ ಅಭ್ಯಾಸ ಇತ್ತು. ಚಮಚ ಎಡಗೈಗೆ, ಬಳಪ ಎಡಗೈಗೆ, ಬಾಚಣಿಗೆ ಎಡಗೈಗೆ. ಶಿಶುವಿಹಾರದ ಟೀಚರು "ಬಿಟ್ಟುಬಿಡಿ, ಕೆಲವು ಮಕ್ಕಳು ಹಾಗೇ" ಅಂದರು. ಅವರಿಗೇನು ಬಿಡಿ ಅನ್ನೋಕೆ! ಮದುವೆಗೆ ಮುಂಚೆ ನಾನು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದೆ. ನನ್ನ ಪಕ್ಕದ ಮಷೀನಿನಲ್ಲಿ ಒಬ್ಬಳು ಎಡಗೈಯವಳು. ಅಲ್ಲಿನ ಕತ್ತರಿ ಅವಳ ಕೈಗೆ ಕೂರ್ತಿರಲಿಲ್ಲ, ಮಷೀನಿನ ಹಿಡಿ ಕೈಗೆ ಸಿಗ್ತಿರಲಿಲ್ಲ. ಮೇಸ್ತ್ರಿ ಎಲ್ಲರ ಮುಂದೆ ಅವಳ ಹಾಗೆ ಕೈ ತಿರುಚಿ ಅಣಕಿಸ್ತಿದ್ದ, ಸಾಲಿಗೆ ಸಾಲೇ ನಗ್ತಿತ್ತು. ಒಂದು ದಿನ ಊಟದ ಹೊತ್ತಿಗೆ ಎದ್ದು ಹೋದವಳು ವಾಪಸ್ಸು ಬರಲೇ ಇಲ್ಲ. ನನ್ನ ಮಗಳು ಹಾಗೆ ಎದ್ದು ಹೋಗೋದು ನನಗೆ ಬೇಡವಾಗಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಶಾಲೆಗೆ ರಜೆ ಬಂದಾಗ ಅವಳ ಫ್ರಾಕುಗಳೆಲ್ಲದರ ಎಡತೋಳಿನ ಬಾಯನ್ನು ಹೊಲಿದುಬಿಟ್ಟೆ. ಚೀಲದ ಬಾಯಿ ಹೊಲಿದ ಹಾಗೆ. ಕೈ ಒಳಗೇ ಇರಬೇಕು, ಹೊರಗೆ ಬರೋದು ಬಲಗೈ ಒಂದೇ. ಮೊದಮೊದಲು ಅತ್ತಳು, ಆಮೇಲೆ ಅಭ್ಯಾಸವಾಯಿತು. ಹೊಡೆದಿಲ್ಲ, ಬೈದಿಲ್ಲ. ರಜೆ ಮುಗಿಯೋಷ್ಟರಲ್ಲಿ ಕೈ ತಿರುಗಿತ್ತು. ಅಲ್ಲಿಂದ ಇಲ್ಲಿಯ ತನಕ ನನ್ನೆದುರು ಒಂದು ಲೋಟ ಎಡಗೈಯಲ್ಲಿ ಎತ್ತಿದ್ದು ನಾನು ಕಂಡಿಲ್ಲ. ಬೀದಿಯಲ್ಲಿ ಯಾರ ಮಗುವಿಗಾದರೂ ಎಡಗೈ ಅಂದರೆ ಇವತ್ತಿಗೂ ಇದೇ ಉಪಾಯ ಹೇಳಿಕೊಡ್ತೀನಿ.

ಇನ್ನೊಂದು ನಿಯಮವೂ ಇದೆ ನಮ್ಮಲ್ಲಿ. ಮಗಳು ಸೂಜಿ ಮುಟ್ಟೋ ಹಾಗಿಲ್ಲ. ನನ್ನ ಕುತ್ತಿಗೆ ನೋಡಿ, ನೆಟ್ಟಗೆ ನಿಲ್ಲಲ್ಲ. ಕಣ್ಣು ನೋಡಿ, ಸಂಜೆ ಆದರೆ ದಾರಕ್ಕೂ ಕೂದಲಿಗೂ ವ್ಯತ್ಯಾಸ ಕಾಣಲ್ಲ. ಇದು ನನ್ನ ತಲೆಗೇ ಮುಗಿಯಲಿ. ಅವಳು ಓದಬೇಕು, ಕುರ್ಚಿ ಮೇಲೆ ಬೆನ್ನು ಆನಿಸಿ ಕೂರೋ ಕೆಲಸ ಮಾಡಬೇಕು. ಚಿಕ್ಕವಳಿದ್ದಾಗ ಮಷೀನಿನ ಹತ್ತಿರ ಸುಳಿದರೂ ಓಡಿಸ್ತಿದ್ದೆ.

ಹೀಗಿರೋವಾಗ ಎಲ್ಲಿಂದಲೋ ಬಂದ ಒಂದು ಎಡಗೈ ನನ್ನ ಮಗಳ ಲಂಗಕ್ಕೆ ಕೈ ಹಾಕಿದೆ ಅಂದರೆ ನನಗೆ ಹೇಗಾಗಿರಬೇಡ? ಆ ಹೆಂಗಸು ಅಂಚು ಒಂದನ್ನೇ ಹೊಲಿದಿರ್ತಾಳಾ? ಹೊಲೀತಾ ಮಾತಾಡಿರ್ತಾಳೆ. ಏನಮ್ಮ, ಮನೆಯಲ್ಲಿ ಹೇಗೆ, ಅಮ್ಮ ಬೈತಾಳಾ ಅಂತ ಕೇಳಿರ್ತಾಳೆ. ನನ್ನ ಮಗಳು ನನ್ನ ಜೊತೆ ಮಾತಾಡೋದೇ ಕಡಿಮೆ. ಶಾಲೆಯಲ್ಲಿ ಏನಾಯಿತು ಅಂದರೆ "ಏನಿಲ್ಲ". ಊಟ ಹೇಗಿದೆ ಅಂದರೆ "ಚೆನ್ನಾಗಿದೆ". ಹಾಗಾದರೆ ಉಳಿದ ಮಾತೆಲ್ಲ ಎಲ್ಲಿಗೆ ಹೋಗ್ತಿದೆ? ಒಬ್ಬಳೇ ಮಗಳು ಸ್ವಾಮಿ ನನಗೆ. ಅವಳೂ ಬೇರೆಯವರ ಮಡಿಲಿಗೆ ಜಾರಿಹೋದರೆ ನಾನೇನು ಮಷೀನನ್ನು ಎತ್ತಿ ಮುದ್ದಾಡಲಾ?

ಒಂದು ಬಲೆ ಒಡ್ಡಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಗಳ ಕೋಟಿನ ಮೇಲಿನ ಗುಂಡಿಯ ದಾರವನ್ನು ಬ್ಲೇಡಿನಿಂದ ಮುಕ್ಕಾಲು ಕೊಯ್ದಿಟ್ಟೆ. ಮನೆ ಬಿಡೋ ತನಕ ನಿಲ್ಲುತ್ತೆ, ಶಾಲೆಯಲ್ಲಿ ಬೀಳುತ್ತೆ. ಸಂಜೆ ಕೋಟು ಬಂತು. ಗುಂಡಿ ಗಟ್ಟಿಯಾಗಿ ಕೂತಿದೆ! ಗುಂಡಿ ಕೂರಿಸಿ ಕೊನೆಗೆ ಅದರ ಬುಡಕ್ಕೆ ದಾರ ಸುತ್ತುತ್ತೀವಲ್ಲ, ಆ ಸುತ್ತೂ ಉಲ್ಟಾ. ಅದೇ ಹೆಂಗಸು.

"ಗುಂಡಿ ಸಡಿಲ ಇತ್ತೇನೇ?" ಅಂದೆ.

"ಇಲ್ಲಮ್ಮ" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ಅನುಮಾನ ನಾದಿನಿ ಮೇಲೆ. ನಮ್ಮ ಮನೆಯವರ ತಂಗಿ, ಸೇತುವೆಯ ಆಚೆ ಇರೋದು, ಅಂಚೆ ಕಚೇರಿಯಲ್ಲಿ ಕೆಲಸ. ಮಕ್ಕಳಿಲ್ಲ. ನನ್ನ ಮಗಳನ್ನು ಕಂಡರೆ ಪ್ರಾಣ. ಆ ಪ್ರಾಣವೇ ಜಾಸ್ತಿಯಾಯಿತು ಅಂತ, ಶಾಲೆ ಬಿಟ್ಟ ಮೇಲೆ ಅತ್ತೆ ಮನೆಗೆ ಹೋಗೋದು ಬೇಡ ಅಂತ ಕಟ್ಟುನಿಟ್ಟು ಮಾಡಿದ್ದೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಅವಳು ಯಾವ ಕೈಯಲ್ಲಿ ಹೊಲೀತಾಳೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಒಂದು ಟವಲ್ಲು, ಸೂಜಿ, ದಾರ ಚೀಲಕ್ಕೆ ಹಾಕಿಕೊಂಡು ಹೊರಟೆ.

"ಅಯ್ಯೋ ಅತ್ತಿಗೆ! ಏನು ದಾರಿ ತಪ್ಪಿ ಬಂದ್ರಾ?" ಅಂತ ಬಾಗಿಲು ತೆಗೆದಳು. ಮುಖ ಅರಳಿತ್ತು. ನಾಟಕವಿರಬಹುದು ಅಂತ ಒಳಗೆ ಬಂದೆ.

ಅದೂ ಇದೂ ಮಾತಾಡಿ, ಕಣ್ಣು ಉಜ್ಜಿಕೊಂಡೆ. "ಯಾಕೋ ಇವತ್ತು ಕಣ್ಣು ಮಂಜು ಮಂಜು ಕಣೇ. ಈ ಟವಲ್ಲಿನ ಅಂಚು ಒಂಚೂರು ಹಾಕಿಕೊಡ್ತೀಯಾ?"

"ನಾನಾ? ನಿಮಗಾ?" ಅಂತ ಎದೆ ಮೇಲೆ ಕೈ ಇಟ್ಟುಕೊಂಡು ನಕ್ಕಳು. ಆದರೂ ಇಸಕೊಂಡಳು. ದಾರ ಪೋಣಿಸೋಕೇ ನಾಲಿಗೆ ಕಚ್ಚಿಕೊಂಡು ಅರ್ಧ ಸಂಜೆ ಕಳೆದಳು. ಆಮೇಲೆ ಸೂಜಿ ಹಿಡಿದದ್ದು ಬಲಗೈಯಲ್ಲಿ. ಹೊಲಿದದ್ದೋ, ಕುಡಿದವನು ಮನೆಗೆ ಹೋದ ದಾರಿ. ನಡುವೆ ಬೆರಳು ಚುಚ್ಚಿಕೊಂಡು ಟವಲ್ಲಿಗೆ ರಕ್ತ ಬೇರೆ ಹಚ್ಚಿದಳು.

ನನ್ನ ಮುಖದಲ್ಲಿ ಏನು ಕಂಡಳೋ, ಸೂಜಿ ಕೆಳಗಿಟ್ಟಳು. "ಅತ್ತಿಗೆ, ನಿಜ ಹೇಳಿ. ನನ್ನನ್ನು ಏನೋ ಪರೀಕ್ಷೆ ಮಾಡೋಕೆ ಬಂದಿದ್ದೀರಿ ಅಲ್ವಾ?"

"ಪರೀಕ್ಷೆ ಏನು ಬಂತು ಇದರಲ್ಲಿ…"

"ಮರಿ ನನ್ನ ಮನೆಗೆ ಬರೋದೇ ಇಲ್ಲ ಅತ್ತಿಗೆ. ನೀವು ಬೇಡ ಅಂದ ದಿನದಿಂದ ಹೊಸ್ತಿಲು ತುಳಿದಿಲ್ಲ. ದಾರಿಯಲ್ಲಿ ಸಿಕ್ಕರೂ 'ಅಮ್ಮ ಬೈತಾರೆ ಅತ್ತೆ' ಅಂತ ಓಡ್ತಾಳೆ." ಬೆರಳು ಬಾಯಲ್ಲಿಟ್ಟುಕೊಂಡಳು. ಕಣ್ಣು ತುಂಬಿದ್ದು ಸೂಜಿ ಚುಚ್ಚಿದ್ದಕ್ಕಾ ಅಂತ ನಾನು ಕೇಳಲಿಲ್ಲ. ಟವಲ್ಲು ಮಡಿಸಿ ಎದ್ದು ಬಂದೆ.

ಹಾಗಾದರೆ ಉಳಿದದ್ದು ಶಾಲೆ. ಮಿಸ್ಸು!

ಈ ವರ್ಷ ಹೊಸದಾಗಿ ಬಂದಿರೋ ಟೀಚರು. ಕಡಿಮೆ ಮಾತಿನ ನನ್ನ ಮಗಳ ಬಾಯಿಂದ ತಾನಾಗಿ ಉದುರೋ ಮಾತು ಅದೊಂದೇ. ನಮ್ಮ ಮಿಸ್ಸು ಹೀಗಂದರು, ನಮ್ಮ ಮಿಸ್ಸು ಹಾಗಂದರು. ಎದ್ದರೆ ಮಿಸ್ಸು, ಕೂತರೆ ಮಿಸ್ಸು. ಮಕ್ಕಳ ಕೈಲಿ ನಾಟಕ ಬೇರೆ ಆಡಿಸ್ತಾರಂತೆ, ಅದಕ್ಕೆ ಮಗಳು ದಿನಾ ತಡವಾಗಿ ಬರೋದು. "ನಿನಗೆ ನಾಟಕದಲ್ಲಿ ಏನು ಪಾತ್ರ?" ಅಂತ ಕೇಳಿದ್ದಕ್ಕೆ "ಏನಿಲ್ಲ, ಸುಮ್ನೆ ಸಹಾಯ" ಅಂದಿದ್ದಳು. ಎಲ್ಲ ಒಂದಕ್ಕೊಂದು ಕೂಡಿಬಂತು. ರೇಡಿಯೋದವರು ಹೇಳಿದ್ದ, ಗುಟ್ಟು ಕೇಳೋ ಹೆಂಗಸು ನಮ್ಮ ಶಾಲೆಗೂ ಬಂದಾಯಿತು. ಗುಂಡಿ ಹಾಕೋದು, ಅಂಚು ಹೊಲಿಯೋದು, ಮೆಲ್ಲಗೆ ಮಗುವಿನ ಬಾಯಿ ಬಿಡಿಸೋದು. ಆಹಾ, ಏನು ಜಾಣತನ!

ಆವತ್ತು ಊಟದಲ್ಲಿ ಹೇಳಿಯೇಬಿಟ್ಟೆ. "ಇವಳನ್ನು ಆ ಶಾಲೆಯಿಂದ ಬಿಡಿಸ್ತೀನಿ. ಮಾರುಕಟ್ಟೆ ಹಿಂದಿನ ಶಾಲೆಗೆ ಹಾಕೋಣ. ನಾಳೆನೇ ಹೋಗಿ ಮಾತಾಡ್ತೀನಿ."

ಮನೆಯವರು ರೇಡಿಯೋ ಆರಿಸಿದರು. ಅವರು ರೇಡಿಯೋ ಆರಿಸಿದರು ಅಂದರೆ ಸಿಟ್ಟು ಬಂದಿದೆ ಅಂತ. "ಒಂದು ಗುಂಡಿಗೋಸ್ಕರ ಮಗು ಶಾಲೆ ಬಿಡಿಸ್ತಾರೇನೇ? ಹುಚ್ಚಾ ನಿನಗೆ?"

ಮಗಳು ತುತ್ತು ಕೆಳಗಿಟ್ಟಳು. "ಬೇಡಮ್ಮ."

"ಯಾಕೆ ಬೇಡ?"

"ನಾನೇನು ಮಾಡಿದೆ?"

"ನೀನೇ ಹೇಳು, ಏನು ಮಾಡ್ದೆ ಅಂತ."

ತೋಳಿನ ಬಾಯನ್ನು ಎರಡು ಬೆರಳಿನಿಂದ ಎಳೆದೆಳೆದು ಮುಷ್ಟಿಯೊಳಗೆ ಹಿಡಿದುಕೊಂಡಳು. "ಅಲ್ಲೊಂದೇ ಕಡೆ ಅಮ್ಮ, ನಾನು…" ಅಂದವಳು ನಿಲ್ಲಿಸಿದಳು.

"ಅಲ್ಲೊಂದೇ ಕಡೆ ಏನು? ಹೇಳು!"

"ಏನಿಲ್ಲ."

ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಬಿಕ್ಕೋ ಸದ್ದು ಕೇಳಿಸ್ತಿತ್ತು. ಹೋಗಿ ತಬ್ಬಿಕೊಳ್ಳೋಣ ಅಂತ ಕಾಲು ಎದ್ದಿತ್ತು, ಸುಳ್ಳು ಹೇಳೋ ಮಗುವನ್ನು ತಬ್ಬಿಕೊಂಡರೆ ಸುಳ್ಳನ್ನೇ ತಬ್ಬಿಕೊಂಡ ಹಾಗೆ ಅಂತ ಮನಸ್ಸು ಗಟ್ಟಿಮಾಡಿಕೊಂಡೆ. ಇಷ್ಟು ಅಳಿಸೋಷ್ಟು ಮಾಟ ಏನು ಮಾಡಿದ್ದಾಳೆ ಆ ಹೆಂಗಸು ಅಂತ ನನಗೆ ನಿಜಕ್ಕೂ ಭಯವಾಯಿತು.

ಮಾರನೇ ದಿನ ಮಧ್ಯಾಹ್ನ ಶಾಲೆಗೆ ಹೋದೆ. ಗೇಟಿನ ಕಾವಲುಗಾರ ಯಾರನ್ನು ನೋಡಬೇಕು ಅಂದ. ಮಿಸ್ಸನ್ನು ಅಂದೆ. ಎಲ್ಲರೂ ಅವರನ್ನೇ ಕೇಳ್ಕೊಂಡು ಬರ್ತಾರೆ ಅಂತ ನಗ್ತಾ ದಾರಿ ತೋರಿಸಿದ. ಓಹೋ, ಇವನೂ ಆ ಪಾರ್ಟಿ ಅಂದುಕೊಂಡೆ. ಉದ್ದನೆಯ ಓಣಿ, ಎರಡೂ ಕಡೆ ತರಗತಿ, ಫಿನಾಯಿಲ್ ವಾಸನೆ. ಒಂದು ಬಾಗಿಲಲ್ಲಿ ನಿಂತು ಇಣುಕಿದೆ. ನಮ್ಮ ಹುಡುಗಿಯ ತರಗತಿಯಲ್ಲ, ಚಿಕ್ಕ ಮಕ್ಕಳದ್ದು. ಬೋರ್ಡಿನ ಮೇಲೆ ಲೆಕ್ಕ ಬರೀತಾ ಇದ್ದವರೇ ಮಿಸ್ಸು. ನಾನು ಅಂದುಕೊಂಡ ಹಾಗೆ ಮಾಟಗಾತಿಯೇನಲ್ಲ. ಸಾಧಾರಣ ಹೆಂಗಸು, ಕೂದಲಲ್ಲಿ ಸೀಮೆಸುಣ್ಣದ ಪುಡಿ, ಕೋಟಿನ ಒಂದು ಜೇಬು ಕಿತ್ತು ಬಾಯಿ ಬಿಟ್ಟುಕೊಂಡಿತ್ತು.

ಸೀಮೆಸುಣ್ಣ ಹಿಡಿದದ್ದು ಬಲಗೈಯಲ್ಲಿ.

ಇವಳಲ್ಲದಿದ್ದರೆ ಮತ್ಯಾರು? ಊರಲ್ಲಿ ಇನ್ನೂ ಎಷ್ಟು ಹೆಂಗಸರಿದ್ದಾರೆ, ನಾನು ಎಲ್ಲಿಂದ ಹುಡುಕಲಿ?

ಮಿಸ್ಸು ಹೊರಗೆ ಬಂದರು. ಯಾರ ತಾಯಿ ಅಂತ ಹೇಳಿದ ತಕ್ಷಣ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವಾ! ಎಷ್ಟು ದಿನದಿಂದ ನಿಮ್ಮನ್ನು ನೋಡಬೇಕು ಅಂತಿದ್ದೆ. ಅಮ್ಮನಿಗೆ ಬಿಡುವಿಲ್ಲ ಮಿಸ್ ಅಂತಲೇ ಹೇಳ್ತಿದ್ದಳು."

ನನ್ನ ಹತ್ತಿರ ಅವಳು ಯಾವತ್ತೂ ಹೇಳಿರಲಿಲ್ಲ, ಮಿಸ್ಸು ಕರೀತಿದ್ದಾರೆ ಅಂತ. ಸುತ್ತಿಬಳಸೋ ತಾಳ್ಮೆ ಮುಗಿದುಹೋಗಿತ್ತು. "ನೋಡಿ, ನೇರವಾಗಿ ಕೇಳ್ತೀನಿ. ನನ್ನ ಮಗಳ ಬಟ್ಟೆ ಹೊಲಿಯೋರು ಯಾರು? ಲಂಗದ ಅಂಚು, ಕೋಟಿನ ಗುಂಡಿ. ಯಾರವರು?"

ಮಿಸ್ಸಿಗೆ ಅರ್ಥವಾಗಲಿಲ್ಲ. "ಯಾರು ಅಂದರೆ? ಅವಳೇ. ಅವಳದ್ದು ಏನು, ಇಡೀ ತರಗತಿಯ ಗುಂಡಿ ಕಿತ್ತರೂ ಹಾಕಿಕೊಡೋಳು ಅವಳೇ. ನನ್ನ ಈ ಜೇಬೂ ಅವಳ ಸರದಿಗೆ ಕಾಯ್ತಾ ಇದೆ."

"ನನ್ನ ಮಗಳಿಗೆ ಸೂಜಿ ಹಿಡಿಯೋಕೆ ಬರಲ್ಲ."

"ನಿಮ್ಮನ್ನು ನೋಡಿ ನೋಡಿಯೇ ಕಲಿತೆ ಅಂದಳಲ್ಲ. ಬಾಗಿಲ ಸಂದಿಯಿಂದ ನೋಡ್ತಿದ್ದಳಂತೆ." ಮಿಸ್ಸು ನಕ್ಕರು. "ನೀವು ಎದುರಿಗೆ ಕೂತು ಹೊಲೀತಿದ್ದಿರಂತೆ. ಕನ್ನಡಿ ನೋಡಿ ಕಲಿತ ಹಾಗಾಯ್ತು ಮಿಸ್, ನನ್ನ ಕೈಗೆ ಅದೇ ಸಲೀಸು ಅಂತಾಳೆ."

"ನಿಮ್ಮ ಮಾತು ನಂಬಲ್ಲ ನಾನು" ಅಂದೆ. "ಇದು ಎಡಗೈ ಹೊಲಿಗೆ. ನನ್ನ ಮಗಳದ್ದು ಬಲಗೈ. ನಾನೇ ಮಾಡಿಸಿದ್ದು."

ಅವರ ಮುಖದ ನಗು ನಿಧಾನಕ್ಕೆ ಇಳಿಯಿತು. ಬನ್ನಿ ಅಂತ ಓಣಿಯ ಕೊನೆಗೆ ಕರಕೊಂಡು ಹೋದರು. ಅಲ್ಲಿ ಒಂದು ದೊಡ್ಡ ಕೋಣೆ, ಬಾಗಿಲು ತೆರೆದಿತ್ತು. ನಾಟಕದ ಪರದೆ ನೆಲದ ತುಂಬ ಹರಡಿತ್ತು, ಸುತ್ತ ಹುಡುಗಿಯರು ಕೂತಿದ್ದರು. ನಡುವೆ ನನ್ನ ಮಗಳು.

ಮೊದಲು ಅವಳೇ ಅಂತ ಗುರುತು ಹತ್ತಲಿಲ್ಲ. ಯಾಕೆ ಅಂದರೆ ಅವಳು ಮಾತಾಡ್ತಿದ್ದಳು. ಬಾಯಿ ತುಂಬ, ನಿಲ್ಲದೆ, ಯಾರನ್ನೋ ಗೇಲಿ ಮಾಡ್ತಾ, ಸುತ್ತಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗೋ ಹಾಗೆ. ಕೋಟಿನ ತೋಳನ್ನು ಮೊಣಕೈ ತನಕ ಮೇಲೆ ಮಡಿಚಿದ್ದಳು. ಎಡಗೈಯಲ್ಲಿ ಸೂಜಿ ಓಡ್ತಿತ್ತು. ನೋಡದೆಯೇ ಹೊಲೀತಿದ್ದಳು. ಮಾತಿನ ನಡುವೆ ದಾರ ಕಚ್ಚಿ ಕತ್ತರಿಸಿದಳು, ಅದೇ ಕೈಯಲ್ಲಿ ಹಣೆ ಮೇಲಿನ ಕೂದಲು ಸರಿಸಿದಳು, ಅದೇ ಕೈಯಲ್ಲಿ ಪಕ್ಕದವಳ ಬೆನ್ನಿಗೆ ಒಂದು ಗುದ್ದಿದಳು. ಎಷ್ಟು ಹಗುರವಾಗಿತ್ತು ಆ ಕೈ. ದಾರ ಎಳೆದು ಬೆರಳಿಗೆ ಸುತ್ತಿ ಗಂಟನ್ನು ಒಳಗೆ ಅಡಗಿಸೋದು ನನ್ನದೇ ರೀತಿ, ನಾನು ಯಾರಿಗೂ ಹೇಳಿಕೊಟ್ಟಿರದ ರೀತಿ. ಆ ಗಂಟನ್ನು ಲಂಗದಲ್ಲೂ ಕಂಡಿದ್ದೆ. ಕಂಡೂ ಗುರುತಿಸಲಿಲ್ಲ.

ಯಾರೋ ನನ್ನ ಮಗಳನ್ನು ಕಿತ್ತುಕೊಳ್ತಿದ್ದಾರೆ ಅಂತ ನಾನು ಊರೆಲ್ಲ ಅಲೆದೆ. ನಾದಿನಿಯನ್ನು ಅಳಿಸಿದೆ. ಕೋಟಿನ ದಾರ ಕೊಯ್ದೆ. ಹೋಗಿ ಅವಳನ್ನು ಅಪ್ಪಿಕೊಂಡು ಗೊಳೋ ಅಂತ ಅತ್ತುಬಿಡೋಣ ಅನ್ನಿಸಿತು.

"ನೋಡು, ಯಾರು ಬಂದಿದ್ದಾರೆ" ಅಂದರು ಮಿಸ್ಸು.

ಮಗಳು ತಲೆ ಎತ್ತಿದಳು. ನನ್ನನ್ನು ಕಂಡಳು. ನಗು ಅಲ್ಲೇ ನಿಂತುಹೋಯಿತು. ಸೂಜಿ ಪರದೆ ಮೇಲೆ ಬಿತ್ತು. ಮೊಣಕೈ ತನಕ ಮಡಿಚಿದ್ದ ಎಡತೋಳು ಸರ್ರನೆ ಕೆಳಗಿಳಿಯಿತು, ಬೆರಳು, ಅಂಗೈ ಎಲ್ಲ ಒಳಗೆ ಎಳೆದುಕೊಂಡಳು. ತೋಳಿನ ಬಾಯನ್ನು ಒಳಗಿನಿಂದಲೇ ಮುಷ್ಟಿ ಕಟ್ಟಿ ಹಿಡಿದುಕೊಂಡಳು. ಯಾರೂ ಹೇಳಲಿಲ್ಲ ಅವಳಿಗೆ, ತಾನು ಮಾಡ್ತಿರೋದು ಅವಳಿಗೇ ಗೊತ್ತಿದ್ದ ಹಾಗೂ ಇರಲಿಲ್ಲ. ನಾನು ಹೊಲಿದಿಟ್ಟ ಫ್ರಾಕಿನ ತೋಳು ಹೇಗೆ ಕಾಣ್ತಿತ್ತೋ ಹಾಗೇ ಕಂಡಿತು.

ನಾನು ಚಪ್ಪಲಿ ಬಿಟ್ಟು, ಪರದೆ ತುಳಿಯದ ಹಾಗೆ ನಡೆದು, ಅವಳ ಎದುರಿಗೆ ನೆಲದ ಮೇಲೆ ಕೂತೆ. ಅವಳು ನನ್ನ ಮುಖ ನೋಡ್ತಾನೇ ಇದ್ದಳು. ಮಾತು ಕೇಳೋ ಮಗುವಿನ ನೋಟವಲ್ಲ ಅದು. ಅಳತೆ ತೆಗೆಯೋ ನೋಟ. ಈ ಹೆಂಗಸು ಯಾಕೆ ಬಂದಳು, ಮೆಲ್ಲಗೆ ಬಂದು ಕೂತಳಲ್ಲ, ಇದರ ಹಿಂದೆ ಏನಿದೆ ಅಂತ ಕೇಳೋ ನೋಟ. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲೇ ಬೆಳೆದದ್ದು.

"ಬೈಯೋಕೆ ಬಂದಿಲ್ಲ ಮಗಳೇ" ಅಂದೆ. "ಶಾಲೆ ಬಿಡಿಸಲ್ಲ. ಅಮ್ಮನಾಣೆಗೂ ಬಿಡಿಸಲ್ಲ. ಎಲ್ಲಿ, ನಿನ್ನ ಕೈ ತೋರಿಸು."

ಅವಳು ಮಿಸ್ಸಿನ ಕಡೆ ಒಂದು ಸಲ ನೋಡಿದಳು. ಮಿಸ್ಸು ತಲೆಯಾಡಿಸಿದರು. ಮತ್ತೆ ನನ್ನ ಮುಖ ನೋಡಿದಳು, ಬಹಳ ಹೊತ್ತು.

ಆಮೇಲೆ, ನಾನು ಕಲಿಸಿದ ಹಾಗೆ, ಬಲಗೈ ಚಾಚಿದಳು.